ಕಣ್ಣಿಗೆ ಕೊಟ್ಟ ಮಾತು, ಕೈ ಉಳಿಸಿದ ಆಟ

2015ರ ಆಗಸ್ಟ್‌ನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಬರಿಗಾಲಿನ ಯುವಕನೊಬ್ಬ ಕಡಲತೀರದ ಹಿನ್ನೆಲೆಯಲ್ಲಿ ನೆಲ ಬಿಟ್ಟು ತೇಲುತ್ತಿದ್ದ. ಕಣ್ಣಿಗೆ ಕಪ್ಪು ಪೆಟ್ಟಿಗೆ ಕಟ್ಟಿಕೊಂಡಿದ್ದ ಆತ ಪಾಮರ್ ಲಕಿ. ಅದಕ್ಕೆ ಮೂರು ವರ್ಷ ಹಿಂದೆ, ಇಪ್ಪತ್ತು ತುಂಬುವ ಮೊದಲೇ, ‘ಆಕ್ಯುಲಸ್ ರಿಫ್ಟ್’ ಎಂಬ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಮಾಡಲು ಎರಡೂವರೆ ಲಕ್ಷ ಡಾಲರ್ ಬೇಕೆಂದು ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ್ದ. ಜನ 24 ಲಕ್ಷ ಡಾಲರ್ ಕೊಟ್ಟಿದ್ದರು. 2014ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಆತನ ಆಕ್ಯುಲಸ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿದಾಗ, ಸಾಮಾನ್ಯ ಗ್ರಾಹಕರಿಗಾಗಿ ಸಿದ್ಧವಾದ ಒಂದು ಸಾಧನವೂ ಅದರಿಂದ ಅಂಗಡಿಗೆ ಬಂದಿರಲಿಲ್ಲ. 2016ರ ಜನವರಿಯಲ್ಲಿ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್, ವರ್ಚುವಲ್ ಮತ್ತು ಆಗ್ಮೆಂಟೆಡ್ ರಿಯಾಲಿಟಿಯ ಮಾರುಕಟ್ಟೆ 2025ರ ಹೊತ್ತಿಗೆ 8,000 ಕೋಟಿ ಡಾಲರಿಗೆ ಬೆಳೆಯಬಹುದೆಂದು ಲೆಕ್ಕ ಹಾಕಿತು. ಮರುವರ್ಷ ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ತಮ್ಮ ಗುರಿ ನೂರು ಕೋಟಿ ಜನರನ್ನು ವಿಆರ್‌ಗೆ ತರುವುದು ಎಂದರು. ಆಟ ಆಡುವವರ ಲೋಕದಲ್ಲಂತೂ ಉತ್ಸಾಹ ಇನ್ನೂ ಸರಳವಾಗಿತ್ತು. ಟಿವಿಯ ಚೌಕಟ್ಟಿನೊಳಗೆ ನೋಡುತ್ತಿದ್ದ ಕಾಡು, ಕೋಟೆ, ಅಂತರಿಕ್ಷದ ಒಳಗೇ ಇನ್ನು ಮುಂದೆ ನಾವು ನಡೆದಾಡುತ್ತೇವೆ, ಹಳೆಯ ವಿಡಿಯೊ ಗೇಮ್‌ಗಳ ಕಾಲ ಮುಗಿಯಿತು ಎಂದು ಬಹಳ ಮಂದಿ ನಂಬಿದರು.

2025ರ ಆ ಗಡುವು ದಾಟಿದ ಮೇಲೆ ತಿರುಗಿ ನೋಡಿದರೆ ಲೆಕ್ಕ ಬೇರೆಯೇ ಇದೆ. ಮೆಟಾ ಎಂದು ಹೆಸರು ಬದಲಿಸಿಕೊಂಡ ಫೇಸ್‌ಬುಕ್‌ನ ‘ಕ್ವೆಸ್ಟ್’ ಹೆಡ್‌ಸೆಟ್‌ಗಳು 2023ರ ಆರಂಭದ ಹೊತ್ತಿಗೆ ಸುಮಾರು ಎರಡು ಕೋಟಿ ಮಾರಾಟವಾಗಿದ್ದವು ಎಂದು ಕಂಪನಿಯೊಳಗಿನ ಸಭೆಯೊಂದರಿಂದ ಹೊರಬಿದ್ದ ಮಾಹಿತಿ ಹೇಳುತ್ತದೆ. ಸಣ್ಣ ಸಂಖ್ಯೆಯೇನಲ್ಲ, ಆದರೆ ಹೇಳಿದ ನೂರು ಕೋಟಿಯಲ್ಲಿ ಅದು ನೂರಕ್ಕೆ ಎರಡು ಮಾತ್ರ. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಮಳಿಗೆಯಾದ ಸ್ಟೀಮ್ ತಿಂಗಳಿಗೊಮ್ಮೆ ನಡೆಸುವ ಸಮೀಕ್ಷೆಯಲ್ಲೂ ಹೆಡ್‌ಸೆಟ್ ಇರುವವರ ಪಾಲು ಹಲವು ವರ್ಷಗಳಿಂದ ನೂರಕ್ಕೆ ಎರಡರ ಆಸುಪಾಸಿನಲ್ಲೇ ನಿಂತಿದೆ. ಸೋನಿಯ ಮೊದಲ ವಿಆರ್ ಹೆಡ್‌ಸೆಟ್ 2019ರ ಕೊನೆಗೆ 50 ಲಕ್ಷ ಮಾರಾಟವಾಗಿತ್ತು. ಅದನ್ನು ಜೋಡಿಸಬೇಕಿದ್ದ ಪ್ಲೇಸ್ಟೇಷನ್ 4 ಅಷ್ಟರಲ್ಲಿ ಹತ್ತು ಕೋಟಿ ದಾಟಿತ್ತು. ಮೆಟಾದ ವಿಆರ್ ವಿಭಾಗ 2020ರಿಂದ 2024ರವರೆಗಿನ ಐದು ವರ್ಷಗಳಲ್ಲಿ ಅನುಭವಿಸಿದ ನಷ್ಟ 6,000 ಕೋಟಿ ಡಾಲರಿಗಿಂತ ಹೆಚ್ಚು. ಇಷ್ಟನ್ನು ಮುಂದಿಟ್ಟುಕೊಂಡು ‘ವಿಆರ್ ಆಟ ಸೋತಿತು’ ಎಂದು ಕೈತೊಳೆದುಕೊಳ್ಳುವುದು ಸುಲಭ. ‘ತಂತ್ರಜ್ಞಾನ ಇನ್ನೂ ಎಳೆಯದು, ಮುಂದಿನ ಹೆಡ್‌ಸೆಟ್ ಬರಲಿ’ ಎಂದು ಕಾಯುವುದೂ ಅಷ್ಟೇ ಸುಲಭ. ಈ ಎರಡು ಮಾತುಗಳೂ ನಡೆದದ್ದನ್ನು ಸರಿಯಾಗಿ ವಿವರಿಸುವುದಿಲ್ಲ. ವಿಆರ್ ಆಟದ ಮೇಲಿನ ಆರಂಭದ ಉತ್ಸಾಹವೆಲ್ಲ ಕಣ್ಣಿನ ಮೇಲೆ ಕಟ್ಟಿದ ಬಾಜಿಯಾಗಿತ್ತು. ಗೆದ್ದದ್ದು ಮಾತ್ರ ಕೈ. ಯಾವ ಆಟಗಳು ಉಳಿದವು, ಯಾವ ಸಾಧನಗಳು ಮೂಲೆ ಸೇರಿದವು, ಜನರಿಗೆ ತಲೆ ಸುತ್ತಿದ್ದು ಏಕೆ, ಕೋಟ್ಯಂತರ ಜನ ಇನ್ನೂ ದೂರ ಉಳಿದದ್ದು ಏಕೆ ಎಂಬುದನ್ನೆಲ್ಲ ಬಿಡಿಸುವ ಎಳೆ ಇದೇ.

ಮೊದಲು ಕಣ್ಣಿಗೆ ಕೊಟ್ಟ ಮಾತು ಏನಾಯಿತೆಂದು ನೋಡೋಣ. ಹೆಡ್‌ಸೆಟ್ಟಿನ ಕೆಲಸದ ಬಗೆ ಹೇಳಲು ಕಷ್ಟವಲ್ಲ. ಎರಡು ಕಣ್ಣಿಗೂ ತುಸು ಬೇರೆ ಕೋನದ ಚಿತ್ರ ತೋರಿಸಿದರೆ ಮಿದುಳು ಅವನ್ನು ಸೇರಿಸಿ ಆಳವನ್ನು ಕಟ್ಟಿಕೊಳ್ಳುತ್ತದೆ. ತಲೆ ತಿರುಗಿಸಿದಾಗ ಒಳಗಿನ ಸೆನ್ಸರ್‌ಗಳು ಅದನ್ನು ಅಳೆದು ಚಿತ್ರವನ್ನೂ ಅಷ್ಟೇ ತಿರುಗಿಸುತ್ತವೆ. ಕಷ್ಟವಿದ್ದದ್ದು ವೇಗದಲ್ಲಿ. ತಲೆ ಅಲುಗಿದ ಕ್ಷಣಕ್ಕೂ ಚಿತ್ರ ಬದಲಾಗುವ ಕ್ಷಣಕ್ಕೂ ನಡುವಿನ ಅಂತರ ಸುಮಾರು 20 ಮಿಲಿಸೆಕೆಂಡಿನೊಳಗೆ ಇರಬೇಕು, ಇಲ್ಲವಾದರೆ ಲೋಕವೇ ಜಾರಿದಂತೆ ಕಾಣುತ್ತದೆ. ಮೊಬೈಲ್ ಫೋನುಗಳಿಂದಾಗಿ ಅಗ್ಗವಾದ ಪರದೆಗಳೂ ಚಲನೆಯ ಸೆನ್ಸರ್‌ಗಳೂ 2012ರ ಸುಮಾರಿಗೆ ಇದನ್ನು ಸಾಧ್ಯವಾಗಿಸಿದವು. 2016ರಲ್ಲಿ ಬಂದ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಹೆಡ್‌ಸೆಟ್‌ಗಳು ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತಿದ್ದವು. ಆ ಲೋಕದೊಳಗೆ ‘ಇದ್ದೇನೆ’ ಎಂಬ ಭಾವ ನಿಜಕ್ಕೂ ಹುಟ್ಟಿತು. ‘ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್’ ಎಂಬ ಆಟದಲ್ಲಿ ಲಿಫ್ಟ್ ಏರಿ, ಗಗನಚುಂಬಿ ಕಟ್ಟಡದ ತುದಿಯಿಂದ ಹೊರಚಾಚಿದ ಹಲಗೆಯ ಮೇಲೆ ನಡೆಯಬೇಕು. ತಾನು ನಿಂತಿರುವುದು ಕೋಣೆಯ ನೆಲದ ಮೇಲೆ ಎಂದು ಚೆನ್ನಾಗಿ ಗೊತ್ತಿದ್ದವರ ಕಾಲೂ ಅಲ್ಲಿ ನಡುಗುತ್ತದೆ. ಯಾವ ಟಿವಿ ಪರದೆಗೂ ಇದು ಸಾಧ್ಯವಾಗಿರಲಿಲ್ಲ. ಹಾಗಾಗಿ ಕಣ್ಣಿಗೆ ಕೊಟ್ಟ ಮಾತನ್ನು ವಿಆರ್ ತಪ್ಪಿಸಿತು ಎನ್ನುವಂತಿಲ್ಲ. ಮಾತು ನಡೆಯಿತು. ತೊಡಕು ಶುರುವಾದದ್ದು ಆಮೇಲೆ: ಕಣ್ಣನ್ನು ಅಷ್ಟು ಪೂರ್ತಿಯಾಗಿ ನಂಬಿಸಿದ ಮೇಲೆ ದೇಹದ ಉಳಿದ ಭಾಗಕ್ಕೆ ಏನು ಹೇಳುವುದು?

ಚಲನೆಯ ಸುದ್ದಿ ಮಿದುಳಿಗೆ ಎರಡು ಕಡೆಯಿಂದ ಬರುತ್ತದೆ, ಕಣ್ಣಿನಿಂದ ಮತ್ತು ಒಳಗಿವಿಯ ಸಮತೋಲನದ ಅಂಗದಿಂದ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಕೂತು ಪುಸ್ತಕ ಓದಿದರೆ ಹೊಟ್ಟೆ ತೊಳಸುವುದು ಈ ಎರಡು ಸುದ್ದಿಗಳು ಹೊಂದದೆ ಹೋಗುವುದರಿಂದ. ಒಳಗಿವಿ ‘ತಿರುವು, ತಿರುವು’ ಎನ್ನುತ್ತದೆ, ಪುಟದ ಮೇಲಿನ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ವಿಆರ್‌ನಲ್ಲಿ ನಡೆಯುವುದು ಇದರ ತಿರುವುಮುರುವು. ಸೋಫಾದಲ್ಲಿ ಕೂತು ಬೆರಳಿನಿಂದ ಕಡ್ಡಿ ತಳ್ಳಿ ಆಟದೊಳಗೆ ಓಡಿದರೆ ಕಣ್ಣು ಓಡುತ್ತದೆ, ದೇಹ ಕೂತೇ ಇರುತ್ತದೆ. ಪರದೆ ಎಷ್ಟು ಸ್ಪಷ್ಟವಾದರೂ ಈ ಜಗಳ ತೀರುವುದಿಲ್ಲ. ಕಣ್ಣು ಹೆಚ್ಚು ನಂಬಿದಷ್ಟೂ ಜಗಳ ಹೆಚ್ಚಬಹುದು. ಅದಕ್ಕಾಗಿ ಆಟ ಕಟ್ಟುವವರು ಉಪಾಯಗಳನ್ನು ಹುಡುಕಿದರು: ನಡೆಯುವ ಬದಲು ಒಂದು ಜಾಗ ತೋರಿಸಿ ಅಲ್ಲಿಗೆ ಥಟ್ಟನೆ ಜಿಗಿಯುವುದು, ಓಡುವಾಗ ನೋಟದ ಅಂಚುಗಳನ್ನು ಕಪ್ಪಾಗಿಸುವುದು, ಮೆಲ್ಲಗೆ ತಿರುಗುವ ಬದಲು ಇಷ್ಟಿಷ್ಟು ಡಿಗ್ರಿ ಒಮ್ಮೆಲೇ ಹೊರಳುವುದು. ಇವು ಹೊಟ್ಟೆಯನ್ನು ಕಾಪಾಡಿದವು, ಕನಸಿಗೆ ಪೆಟ್ಟು ಕೊಟ್ಟವು. ದೊಡ್ಡ ಲೋಕದಲ್ಲಿ ಗಂಟೆಗಟ್ಟಲೆ ಅಲೆದಾಡುವ ಸಾಹಸದ ಆಟವೇ ಮೂಲ ಕನಸಾಗಿತ್ತು. ಆ ಬಗೆಯ ಆಟಕ್ಕೇ ಈ ಸಾಧನ ಎಲ್ಲಕ್ಕಿಂತ ಕಡಿಮೆ ಒಗ್ಗುತ್ತಿತ್ತು.

ಕಣ್ಣಿನ ಮೇಲಿನ ಈ ಬಾಜಿ ಇಂದು ನಿನ್ನೆಯದಲ್ಲ. 1968ರಲ್ಲಿ ಐವನ್ ಸದರ್‌ಲ್ಯಾಂಡ್ ಸೂರಿನಿಂದ ಇಳಿಬಿಟ್ಟ ಯಂತ್ರವೊಂದನ್ನು ತಲೆಗೆ ಜೋಡಿಸಿ, ಗೆರೆಗಳಿಂದಾದ ಆಕೃತಿಗಳು ಎದುರಿಗೆ ತೇಲುವಂತೆ ಮಾಡಿದ್ದರು. ನಿಂಟೆಂಡೊ 1995ರಲ್ಲಿ ‘ವರ್ಚುವಲ್ ಬಾಯ್’ ತಂದಿತು. ಮೇಜಿನ ಮೇಲೆ ಸ್ಟ್ಯಾಂಡಿಗೆ ನಿಲ್ಲಿಸಿ, ಅದರೊಳಗೆ ಮುಖ ಇಟ್ಟು, ಕೆಂಪು ಕಪ್ಪಿನ ಚಿತ್ರ ನೋಡಬೇಕಿದ್ದ ಆ ಸಾಧನ ಹತ್ತು ಲಕ್ಷವೂ ಮಾರಾಟವಾಗದೆ ವರ್ಷದೊಳಗೇ ನಿಂತಿತು. 2014ರಲ್ಲಿ ಗೂಗಲ್ ರಟ್ಟಿನ ಪೆಟ್ಟಿಗೆಗೆ ಎರಡು ಮಸೂರ ಸೇರಿಸಿ, ಒಳಗೆ ಫೋನ್ ತೂರಿಸಿದರೆ ವಿಆರ್ ಆಗುವ ‘ಕಾರ್ಡ್‌ಬೋರ್ಡ್’ ಬಿಟ್ಟಿತು. 2017ರ ಹೊತ್ತಿಗೆ ಅಂಥ ಒಂದು ಕೋಟಿ ಪೆಟ್ಟಿಗೆಗಳು ಜನರ ಕೈಸೇರಿದ್ದವು. ಸ್ಯಾಮ್‌ಸಂಗ್‌ನ ‘ಗಿಯರ್ ವಿಆರ್’, ಗೂಗಲ್‌ನದೇ ‘ಡೇಡ್ರೀಮ್’ ಅದೇ ದಾರಿಯ ಸುಧಾರಿತ ರೂಪಗಳು. ಇವುಗಳಲ್ಲಿ ತಲೆ ತಿರುಗಿಸಿ ನಾಲ್ಕೂ ದಿಕ್ಕು ನೋಡಬಹುದಿತ್ತು. ಆದರೆ ಒಂದು ಹೆಜ್ಜೆ ಮುಂದೆ ಬಾಗಿದರೆ ಅದು ಸಾಧನಕ್ಕೆ ತಿಳಿಯುತ್ತಿರಲಿಲ್ಲ. ಕೈ ಚಾಚಿ ಏನನ್ನಾದರೂ ಎತ್ತಿಕೊಳ್ಳುವಂತಿರಲಿಲ್ಲ. ಬೆಲೆ ಕಡಿಮೆ, ಫೋನ್ ಹೇಗೂ ಎಲ್ಲರ ಬಳಿ ಇತ್ತು. ಆದರೂ 2019ರ ಹೊತ್ತಿಗೆ ಗಿಯರ್ ವಿಆರ್, ಡೇಡ್ರೀಮ್ ಎರಡೂ ಕೊನೆಗೊಂಡವು. ಅಗ್ಗದ ವಿಆರ್ ಇದ್ದರೆ ಸಾಕು ಎನ್ನುವವರು ಮರೆಯಬಾರದ ಸಂಗತಿ ಇದು: ಅತ್ಯಂತ ಅಗ್ಗವಾಗಿದ್ದ ವಿಆರ್ ಕೂಡ ಹೆಚ್ಚು ಕಾಲ ಬಾಳಲಿಲ್ಲ. ರಿಫ್ಟ್ ಕೂಡ 2016ರ ಮಾರ್ಚ್‌ನಲ್ಲಿ, 599 ಡಾಲರಿಗೆ, ಕೈಗೆ ಹಳೆಯ ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಕೊಟ್ಟೇ ಹೊರಬಂದಿತ್ತು. ಸುಮಾರು ಒಂದು ವಾರದ ನಂತರ ಬಂದ ವೈವ್ ಮಾತ್ರ ಎರಡು ಕೈಗೂ ಒಂದೊಂದು ಕಂಟ್ರೋಲರ್ ಕೊಟ್ಟು, ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆಯಲು ಬಿಟ್ಟಿತು. ಆಕ್ಯುಲಸ್ ತನ್ನ ‘ಟಚ್’ ಕಂಟ್ರೋಲರ್‌ಗಳನ್ನು ಆ ವರ್ಷದ ಡಿಸೆಂಬರ್‌ನಲ್ಲಿ ತಂದಿತು. ವಿಆರ್ ಆಟದ ನಿಜವಾದ ಕಥೆ ಶುರುವಾದದ್ದು ಅಲ್ಲಿಂದ.

ಗೆದ್ದ ಆಟಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಾಗ್ ನಗರದ ಪುಟ್ಟ ತಂಡವೊಂದು 2018ರ ಮೇ ತಿಂಗಳಲ್ಲಿ ಬಿಟ್ಟ ‘ಬೀಟ್ ಸೇಬರ್’ನಲ್ಲಿ ಕಾಡಿಲ್ಲ, ಕೋಟೆಯಿಲ್ಲ, ಕಥೆಯೂ ಇಲ್ಲ. ಸಂಗೀತದ ತಾಳಕ್ಕೆ ಸರಿಯಾಗಿ ಎದುರಿನಿಂದ ಘನಾಕೃತಿಗಳು ಹಾರಿಬರುತ್ತವೆ. ಆಡುವವರು ನಿಂತಲ್ಲೇ ನಿಂತು ಎರಡು ಬೆಳಕಿನ ಕತ್ತಿಗಳಿಂದ ಅವನ್ನು ಸೀಳಬೇಕು. ಕಣ್ಣಿಗೆ ಕಾಣುವುದು ಕತ್ತಲ ಓಣಿ, ಎರಡು ಬಣ್ಣ, ಅಷ್ಟೆ. ಆ ಆಟ ಕ್ವೆಸ್ಟ್ ಒಂದರಲ್ಲೇ 2021ರ ಹೊತ್ತಿಗೆ ಹತ್ತು ಕೋಟಿ ಡಾಲರಿಗೂ ಹೆಚ್ಚು ಗಳಿಸಿತ್ತು. ಫೇಸ್‌ಬುಕ್ ಆ ತಂಡವನ್ನೇ 2019ರಲ್ಲಿ ಕೊಂಡಿತ್ತು. ಇನ್ನೊಂದು ‘ಗೊರಿಲ್ಲಾ ಟ್ಯಾಗ್’. 2021ರಲ್ಲಿ ಕ್ವೆಸ್ಟ್‌ಗೆ ಬಂದ ಈ ಆಟದ ಚಿತ್ರಗಳು ಇಪ್ಪತ್ತು ವರ್ಷ ಹಳೆಯವು ಅನ್ನಿಸುವಷ್ಟು ಒರಟು. ಆಡುವವರಿಗೆ ಕಾಲೇ ಇಲ್ಲದ ಗೊರಿಲ್ಲಾ ದೇಹ. ನೆಲಕ್ಕೂ ಮರಕ್ಕೂ ಅಂಗೈ ಬಡಿದು, ತಳ್ಳಿಕೊಂಡು, ಜೋತು ಬಿದ್ದು ಚಲಿಸಬೇಕು. ಮಿಕ್ಕದ್ದೆಲ್ಲ ನಮ್ಮ ಮುಟ್ಟಾಟವೇ. ಒಬ್ಬ ಅಟ್ಟಿಸಿಕೊಂಡು ಬರುತ್ತಾನೆ, ಉಳಿದವರು ಓಡುತ್ತಾರೆ, ಜೊತೆಗೆ ಬಾಯಿತುಂಬ ಗದ್ದಲ. 2024ರಲ್ಲಿ ಅದರ ಗಳಿಕೆಯೂ ಹತ್ತು ಕೋಟಿ ಡಾಲರ್ ದಾಟಿತು. ಕಣ್ಣಿಗೆ ಹಬ್ಬ ಮಾಡಲು ಹುಟ್ಟಿದ ತಂತ್ರಜ್ಞಾನದಲ್ಲಿ ಅತಿ ಹೆಚ್ಚು ಆಡಿದ ಆಟಗಳು ಕಣ್ಣಿಗೆ ಅತಿ ಕಡಿಮೆ ಕೊಡುವ ಆಟಗಳು ಎಂಬುದನ್ನು ಕಾಕತಾಳೀಯ ಎನ್ನಲಾಗದು.

ಕಾರಣ ಹೊಟ್ಟೆ ತೊಳಸುವ ಆ ಲೆಕ್ಕದಲ್ಲೇ ಇದೆ. ಬೀಟ್ ಸೇಬರ್‌ನಲ್ಲಿ ಆಡುವವರು ಎಲ್ಲಿಗೂ ಹೋಗುವುದಿಲ್ಲ; ಕಣ್ಣು ಮತ್ತು ಒಳಗಿವಿ ಒಂದೇ ಮಾತಾಡುತ್ತವೆ. ಗೊರಿಲ್ಲಾ ಟ್ಯಾಗ್‌ನಲ್ಲಿ ಹೋಗುತ್ತಾರೆ, ನಿಜ, ಕೆಲವರಿಗೆ ತಲೆಯೂ ಸುತ್ತುತ್ತದೆ. ಆದರೆ ಅಲ್ಲಿನ ಪ್ರತಿ ಚಲನೆಯೂ ತಮ್ಮದೇ ತೋಳಿನ ಒಂದು ತಳ್ಳಾಟದಿಂದ ಹುಟ್ಟುತ್ತದೆ; ತಾನೇ ಮಾಡಿದ ಚಲನೆಯನ್ನು ಮಿದುಳು ಮುಂಚೆಯೇ ನಿರೀಕ್ಷಿಸಿರುತ್ತದೆ. ಕಾರು ಓಡಿಸುವವರಿಗಿಂತ ಹಿಂದಿನ ಸೀಟಿನವರಿಗೆ ವಾಂತಿ ಬರುವುದು ಹೆಚ್ಚು ಎಂಬುದರ ಹಿಂದೆ ಇರುವುದೂ ಇದೇ ನಿರೀಕ್ಷೆ. ಇದಕ್ಕಿಂತ ದೊಡ್ಡ ಮಾತೊಂದಿದೆ. ಕಣ್ಣು ಚಿತ್ರಕ್ಕೆ ಬೇಗ ಒಗ್ಗಿಹೋಗುತ್ತದೆ. ಮೊದಲ ಸಲ ಉಸಿರು ಬಿಗಿಹಿಡಿಸಿದ ಹಲಗೆಯ ತುದಿ ಐದನೆಯ ಸಲಕ್ಕೆ ಬರೀ ಹಲಗೆಯ ತುದಿ. ಕೈಯ ಕೌಶಲ ಹಾಗಲ್ಲ. ಆಡಿದಷ್ಟೂ ಬೆಳೆಯುತ್ತದೆ, ಬೆಳೆದಷ್ಟೂ ಮತ್ತೆ ಕರೆಯುತ್ತದೆ. ನಿನ್ನೆ ತಪ್ಪಿದ ಹೊಡೆತ ಇಂದು ಕೈಗೂಡಿತೆಂಬ ಸುಖಕ್ಕೆ ಹೊಸ ದೃಶ್ಯದ ಹಂಗಿಲ್ಲ. ವಿಆರ್ ಬೆರಗನ್ನು ಮಾರಲು ಹೊರಟಿತ್ತು. ಬೆರಗಿನ ಆಯುಸ್ಸು ಚಿಕ್ಕದು. ಅದು ತೀರಿದ ಮೇಲೂ ಉಳಿದದ್ದು ಪಳಗುವ ಖುಷಿ.

ಇಲ್ಲಿ ತಿಳಿದವರು ‘ಹಾಗಾದರೆ ಹಾಫ್-ಲೈಫ್: ಆಲಿಕ್ಸ್?’ ಎಂದು ತಡೆಯುತ್ತಾರೆ. 2020ರ ಮಾರ್ಚ್‌ನಲ್ಲಿ ವಾಲ್ವ್ ಕಂಪನಿ ಬಿಟ್ಟ ಆ ಆಟ ದೀರ್ಘ ಕಥೆಯುಳ್ಳ, ದೊಡ್ಡ ಲೋಕದ, ಮೂಲ ಕನಸಿಗೆ ತೀರ ಹತ್ತಿರದ ಸಾಹಸ. ವಿಮರ್ಶಕರು ಅದನ್ನು ಬಾಯ್ತುಂಬ ಹೊಗಳಿದರು, ಹೊಗಳಿಕೆ ಸಲ್ಲುವಂಥದ್ದೇ. ಆದರೆ ಹೊಗಳಿದವರು ನೆನಪಿಟ್ಟುಕೊಂಡದ್ದು ಏನನ್ನು? ದೂರದ ವಸ್ತುವಿನ ಕಡೆ ಕೈ ತೋರಿ ಮಣಿಕಟ್ಟು ಜಾಡಿಸಿದರೆ ಅದು ಹಾರಿ ಅಂಗೈಗೆ ಬೀಳುವ ಕೈಗವಸು. ಬಾಗಿಲನ್ನು ಮೆಲ್ಲಗೆ ಸರಿಸಿ ಇಣುಕುವುದು. ಗಡಿಬಿಡಿಯಲ್ಲಿ ಬಂದೂಕಿಗೆ ಗುಂಡು ತುಂಬುವಾಗ ಕೈತಪ್ಪಿ ಬೀಳಿಸುವುದು. ಆಟದ ಆರಂಭದಲ್ಲೇ ಗಾಜಿನ ಕಿಟಕಿಯೂ ಮಾರ್ಕರ್ ಪೆನ್ನೂ ಸಿಗುತ್ತವೆ. ಆಟ ಬಂದ ಹೊಸದರಲ್ಲೇ ಅಮೆರಿಕದ ಶಿಕ್ಷಕರೊಬ್ಬರು ಆ ಗಾಜಿನ ಮೇಲೆ ಕೋನಗಳನ್ನು ಬರೆದು ವಿದ್ಯಾರ್ಥಿಗಳಿಗೆ ರೇಖಾಗಣಿತದ ಪಾಠ ಮಾಡಿ ಹಾಕಿದ ವಿಡಿಯೊ ಬಹಳ ಜನಪ್ರಿಯವಾಯಿತು. ಆಲಿಕ್ಸ್ ಕೈಯ ಆಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದು ಒಂಟಿ ಶಿಖರವಾಗಿಯೇ ಉಳಿದದ್ದಕ್ಕೆ ಕಾರಣವೂ ಇಲ್ಲೇ ಇದೆ. ಪ್ರತಿ ಡಬ್ಬಿ, ಪ್ರತಿ ಬಾಗಿಲು, ಪ್ರತಿ ಬಾಟಲಿ ಕೈಗೆ ಸರಿಯಾಗಿ ಸ್ಪಂದಿಸುವಂತೆ ಮಾಡಲು ಹಿಡಿಯುವ ಶ್ರಮ ವಿಪರೀತ, ಕೊಳ್ಳುವವರ ಸಂಖ್ಯೆ ಸೀಮಿತ. ಹೆಡ್‌ಸೆಟ್ ಮಾರಾಟದ ಹಂಗಿಲ್ಲದೆ ಸ್ಟೀಮ್ ಮಳಿಗೆಯಿಂದಲೇ ಗಳಿಸುವ ವಾಲ್ವ್‌ಗೆ ಅದು ಸಾಧ್ಯವಾಯಿತು, ಉಳಿದವರಿಗೆ ಆಗಲಿಲ್ಲ.

ಎರಡನೆಯ ಆಕ್ಷೇಪ ಕಾರು ಮತ್ತು ವಿಮಾನ ಓಡಿಸುವ ಆಟಗಳದ್ದು. ‘ಗ್ರ್ಯಾನ್ ಟ್ಯುರಿಸ್ಮೊ 7’, ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ಗಳನ್ನು ಹೆಡ್‌ಸೆಟ್ ತೊಟ್ಟು ಆಡುವವರು ಮತ್ತೆ ಟಿವಿಗೆ ಮರಳಲು ಒಪ್ಪುವುದಿಲ್ಲ. ಅವರು ಕೂತೇ ಇರುತ್ತಾರೆ, ನೋಟವೇ ಅಲ್ಲಿ ಮುಖ್ಯವಲ್ಲವೇ ಎಂದು ಕೇಳಬಹುದು. ಗಮನಿಸಬೇಕಾದ್ದು, ನಿಜವಾದ ಕಾರಿನಲ್ಲೂ ವಿಮಾನದಲ್ಲೂ ಚಾಲಕ ಕೂತೇ ಇರುತ್ತಾನೆ, ಅವನ ಕೈ ಸ್ಟಿಯರಿಂಗ್ ಮೇಲೋ ಹಿಡಿಕೆಯ ಮೇಲೋ ಇರುತ್ತದೆ. ಮೇಜಿಗೆ ಬಿಗಿದ ಸ್ಟಿಯರಿಂಗ್ ಚಕ್ರ ಹಿಡಿದು ಆಡುವವರ ದೇಹ ನಿಜದಲ್ಲಿ ಇರಬೇಕಾದ ಭಂಗಿಯಲ್ಲೇ ಇದೆ. ಕಣ್ಣು ಕಂಡದ್ದನ್ನು ಕೈ ಒಪ್ಪುತ್ತದೆ. ಹೀಗಾಗಿ ಈ ಆಟಗಳು ವಾದವನ್ನು ಮುರಿಯುವ ಬದಲು ಅದರ ಗಡಿಯನ್ನು ಗುರುತಿಸಿಕೊಡುತ್ತವೆ. ಕೈಗೆ ತಕ್ಕ ಕೆಲಸವಿದ್ದಲ್ಲಿ ವಿಆರ್ ಬಾಳುತ್ತದೆ. ಹತ್ತು ಗುಂಡಿಗಳ ಗೇಮ್‌ಪ್ಯಾಡಿನ ಆಟಕ್ಕೆ ಬರೀ ದೊಡ್ಡ ನೋಟ ಅಂಟಿಸಿದಲ್ಲಿ ಬಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಮೂರನೆಯದು: ಸಾಧನ ಇನ್ನೂ ದುಬಾರಿ, ಭಾರ, ಮಸುಕು, ಇವು ಸರಿಹೋದರೆ ಜನ ತಾವಾಗಿ ಬರುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಅರ್ಧ ಕಿಲೋ ತೂಕವನ್ನು ಮುಖಕ್ಕೆ ಕಟ್ಟಿಕೊಳ್ಳುವುದು ಯಾರಿಗೂ ಹಿತವಲ್ಲ. ಮನುಷ್ಯನ ನೋಟ ಅಡ್ಡಕ್ಕೆ ಸುಮಾರು 200 ಡಿಗ್ರಿ ಹರಡಿದ್ದರೆ ಹೆಚ್ಚಿನ ಹೆಡ್‌ಸೆಟ್‌ಗಳು ತೋರುವುದು ಅದರ ಅರ್ಧದಷ್ಟನ್ನೇ. ಆದರೆ ಈ ವಾದವನ್ನು ಪರೀಕ್ಷಿಸಲು ಮಾರುಕಟ್ಟೆ ಈಗಾಗಲೇ ಅವಕಾಶ ಕೊಟ್ಟಿದೆ. 2020ರ ಅಕ್ಟೋಬರ್‌ನಲ್ಲಿ ಬಂದ ಕ್ವೆಸ್ಟ್ 2ಕ್ಕೆ ಕಂಪ್ಯೂಟರ್ ಬೇಡ, ತಂತಿ ಬೇಡ. ಆಗಿನ ಬೆಲೆ 299 ಡಾಲರ್, ನಿಂಟೆಂಡೊ ಸ್ವಿಚ್ಚಿನಷ್ಟೇ. ಒಂದೊಂದು ಕಣ್ಣಿಗೆ ತೋರುವ ಚಿತ್ರಬಿಂದುಗಳು 2016ರ ರಿಫ್ಟ್‌ನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಕೋವಿಡ್ ಕಾಲದಲ್ಲಿ ಜನ ಮನೆಯೊಳಗೇ ಇದ್ದರು. ಇದಕ್ಕಿಂತ ಅನುಕೂಲದ ಗಳಿಗೆ ಸಿಗದು. ಮಾರಾಟ ಚೆನ್ನಾಗಿಯೇ ಆಯಿತು. ಆದರೆ ತಡವಾಗಿ ಕೊಂಡವರು ಮೊದಲು ಕೊಂಡವರಷ್ಟು ಆಡುತ್ತಿಲ್ಲ, ಕೊಂಡ ಮೇಲೆ ಬೇಗ ಬಿಡುತ್ತಾರೆ ಎಂದು ಮೆಟಾದ ಅಧಿಕಾರಿಗಳೇ 2023ರಲ್ಲಿ ತಮ್ಮ ಸಿಬ್ಬಂದಿಗೆ ಹೇಳಿದ್ದು ಸುದ್ದಿಯಾಯಿತು. ಅಂದರೆ ಜನ ಬಾಗಿಲಲ್ಲೇ ನಿಂತಿಲ್ಲ, ಒಳಗೆ ಬಂದು ನೋಡಿ ಹೊರಟುಹೋಗುತ್ತಿದ್ದಾರೆ. ಬೆಲೆ ಇಳಿಸಿ ಜನರನ್ನು ಒಳಗೆ ಕರೆಯಬಹುದು, ಉಳಿಸಿಕೊಳ್ಳುವುದಕ್ಕೆ ಬೇರೆಯದೇ ಬೇಕು. ಇನ್ನೊಂದು ತುದಿಯಲ್ಲಿ, 2024ರ ಫೆಬ್ರುವರಿಯಲ್ಲಿ ಬಂದ 3,499 ಡಾಲರಿನ ಆ್ಯಪಲ್ ವಿಷನ್ ಪ್ರೊ ಪರದೆಯ ಸ್ಪಷ್ಟತೆಯಲ್ಲಿ ಉಳಿದ ಹೆಚ್ಚಿನವನ್ನು ಮೀರಿಸಿತು. ಆಟದ ಕಂಟ್ರೋಲರ್‌ಗಳನ್ನು ಮಾತ್ರ ಕೊಡಲಿಲ್ಲ. ಆಟದ ಲೋಕದಲ್ಲಿ ಅದರ ಗುರುತು ಬೀಳಲಿಲ್ಲ.

ಬಿಟ್ಟು ಹೋಗುವುದೇಕೆ? ಕೈಯ ಆಟಕ್ಕೆ ದೇಹ ತೆರಬೇಕಾದ ಬೆಲೆ ಇದೆ, ಆ ಬೆಲೆಯನ್ನು ಕೆಲಸ ಮುಗಿಸಿ ಮನೆಗೆ ಬಂದವರು ದಿನವೂ ತೆರಲಾರರು. ಸಾಮಾನ್ಯ ವಿಡಿಯೊ ಗೇಮ್‌ನ ದೊಡ್ಡ ಗುಣವೇ ಸೋಮಾರಿತನಕ್ಕೆ ಒಗ್ಗುವುದು. ಸೋಫಾದಲ್ಲಿ ಒರಗಿ, ಒಂದು ಕೈಯಲ್ಲಿ ಕಾಫಿ ಲೋಟ ಇಟ್ಟುಕೊಂಡು, ಮಗು ಕರೆದರೆ ತಿರುಗಿ ನೋಡಿ, ಎರಡು ಗಂಟೆ ಆಡಬಹುದು. ಮೊಬೈಲ್ ಆಟ ಇನ್ನೂ ಉದಾರಿ, ಬಸ್ಸಿಗೆ ಕಾಯುವ ಐದು ನಿಮಿಷಕ್ಕೂ ಒದಗುತ್ತದೆ. ವಿಆರ್ ಇದಾವುದನ್ನೂ ಒಪ್ಪುವುದಿಲ್ಲ. ಎದ್ದು ನಿಲ್ಲಬೇಕು, ಎರಡು ಮೀಟರ್ ಅಗಲ, ಎರಡು ಮೀಟರ್ ಉದ್ದದ ನೆಲ ಖಾಲಿ ಮಾಡಬೇಕು, ಮನೆಯವರಿಗೆ ಬೆನ್ನು ತಿರುಗಿಸುವುದಷ್ಟೇ ಅಲ್ಲ ಕಣ್ಣು ಕಿವಿಯನ್ನೂ ಮುಚ್ಚಬೇಕು, ಬೆವರಬೇಕು. ಇವು ಎಂಜಿನಿಯರ್‌ಗಳು ಸರಿಪಡಿಸಬಹುದಾದ ಕೊರತೆಗಳಲ್ಲ. ಆ ಲೋಕದಲ್ಲಿ ನಿಜವಾಗಿ ‘ಇರಬೇಕು’ ಎಂದರೆ ಈ ಲೋಕದಲ್ಲಿ ಇರಬಾರದು. ಹೆಡ್‌ಸೆಟ್ ನೂರು ಗ್ರಾಂಗೆ ಇಳಿದರೂ ಈ ಷರತ್ತು ಬದಲಾಗದು. ಸೋನಿಯ ಉದಾಹರಣೆ ಇದನ್ನೇ ಹೇಳುತ್ತದೆ. 2018ರಲ್ಲಿ ಅದರ ವಿಆರ್ ಹೆಡ್‌ಸೆಟ್‌ಗೆ ಬಂದ ‘ಆಸ್ಟ್ರೊ ಬಾಟ್ ರೆಸ್ಕ್ಯೂ ಮಿಷನ್’ ಎಲ್ಲರ ಮೆಚ್ಚುಗೆ ಪಡೆದ ಆಟ. 2023ರಲ್ಲಿ ಸೋನಿ ಎರಡನೆಯ ಹೆಡ್‌ಸೆಟ್ಟನ್ನು 550 ಡಾಲರಿಗೆ, ಅದನ್ನು ಓಡಿಸಲು ಬೇಕಾದ ಪ್ಲೇಸ್ಟೇಷನ್ 5ಕ್ಕಿಂತ ಹೆಚ್ಚಿನ ಬೆಲೆಗೆ, ತಂದಿತು. ಅದೇ ತಂಡ 2024ರಲ್ಲಿ ‘ಆಸ್ಟ್ರೊ ಬಾಟ್’ ಎಂಬ ಹೊಸ ಆಟ ಕಟ್ಟಿದಾಗ ಅದು ಟಿವಿ ಪರದೆಗೆ ಮಾತ್ರವಿತ್ತು, ವಿಆರ್‌ನಲ್ಲಿ ಇರಲೇ ಇಲ್ಲ. ಆ ವರ್ಷದ ‘ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಅದಕ್ಕೇ ಬಂತು.

ನಾಲ್ಕನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬರುವಂಥದ್ದು, ಅದನ್ನು ಪೂರ್ತಿ ತಳ್ಳಿಹಾಕಲಾರೆ. ಕೈಯೇ ಗುಟ್ಟಾಗಿದ್ದರೆ 2006ರಲ್ಲಿ ಬಂದ ನಿಂಟೆಂಡೊ ವೀ ಏನಾಯಿತು? ಕೈಯಲ್ಲಿ ರಿಮೋಟ್ ಹಿಡಿದು ಟೆನಿಸ್ ಹೊಡೆತ ಬೀಸುವ ಆ ಯಂತ್ರ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು, ಅಜ್ಜ ಅಜ್ಜಿಯರೂ ಆಡಿದರು, ಕೆಲವೇ ವರ್ಷಗಳಲ್ಲಿ ಆ ಹುಚ್ಚು ಇಳಿಯಿತು. ನಿಜ. ಕೈ ಗೆಲುವಿನ ಗ್ಯಾರಂಟಿಯೇನಲ್ಲ. ವೀ ಮುಂಗೈಯ ಬೀಸನ್ನು ಅಂದಾಜು ಮಾಡುತ್ತಿತ್ತಷ್ಟೇ. ಸೋಫಾದಲ್ಲಿ ಕೂತು ಮಣಿಕಟ್ಟು ಅಲ್ಲಾಡಿಸಿದರೂ ಚೆಂಡು ಆಚೆ ಹೋಗುತ್ತಿತ್ತು, ಹಾಗಾಗಿ ಪಳಗಲು ಹೆಚ್ಚೇನೂ ಇರಲಿಲ್ಲ. ವಿಆರ್‌ನಲ್ಲಿ ಕೈ ಎಲ್ಲಿದೆ, ಯಾವ ಕೋನದಲ್ಲಿದೆ ಎಂಬುದು ಮಿಲಿಮೀಟರ್‌ಗಳ ಮಟ್ಟದಲ್ಲಿ ತಿಳಿಯುತ್ತದೆ. ಆದ್ದರಿಂದಲೇ ‘ಇಲೆವೆನ್ ಟೇಬಲ್ ಟೆನಿಸ್’ನಂಥ ಆಟದಲ್ಲಿ ಚೆಂಡಿಗೆ ಕೊಡುವ ತಿರುವು ಕೂಡ ಕೆಲಸ ಮಾಡುತ್ತದೆ. ಈ ವ್ಯತ್ಯಾಸ ಒಂದು ಸಣ್ಣ ನಿಷ್ಠಾವಂತ ವರ್ಗವನ್ನು ಉಳಿಸಿಕೊಡುತ್ತದೆ. ನೂರು ಕೋಟಿ ಜನರನ್ನು ತರುವುದಿಲ್ಲ. ನಾನು ಹೇಳುತ್ತಿರುವುದೂ ಅಷ್ಟೇ. ಮಕ್ಕಳ ಒಂದು ಪೀಳಿಗೆಯೇ ಗೊರಿಲ್ಲಾ ಟ್ಯಾಗ್ ಆಡುತ್ತ ಬೆಳೆಯುತ್ತಿದೆ, ನಾಳೆ ಅವರು ದೊಡ್ಡವರಾದಾಗ ಚಿತ್ರ ಬದಲಾಗುತ್ತದೆ ಎಂದು ಆಶಿಸುವವರಿದ್ದಾರೆ. ಆಗಲೂಬಹುದು. ಆದರೆ ಮುಟ್ಟಾಟ ಆಡಿದ ಮಕ್ಕಳೆಲ್ಲ ದೊಡ್ಡವರಾದ ಮೇಲೆ ದಿನಾ ಸಂಜೆ ಮುಟ್ಟಾಟ ಆಡುವುದಿಲ್ಲ. ಮೈದಣಿಸುವ ಆಟಕ್ಕೂ ಆರಾಮದ ಆಟಕ್ಕೂ ಇರುವ ಅಂತರ ಪೀಳಿಗೆಯೊಂದಿಗೆ ಅಳಿಯುವಂಥದ್ದಲ್ಲ.

ಈ ಅಂತರವನ್ನು ಅರಿಯದೆ ಸುರಿದ ಹಣದ ಪರಿಣಾಮವನ್ನು ಅನುಭವಿಸಿದವರು ಆಟ ಕಟ್ಟುವವರು. ‘ಈವ್: ವಾಲ್ಕಿರಿ’ ಎಂಬ ಅಂತರಿಕ್ಷದ ಆಟ ಮಾಡಿದ್ದ ಐಸ್‌ಲ್ಯಾಂಡಿನ ಸಿಸಿಪಿ 2017ರಲ್ಲೇ ವಿಆರ್‌ನಿಂದ ಹಿಂದೆ ಸರಿಯಿತು. ಫೇಸ್‌ಬುಕ್ 2020ರಲ್ಲಿ ಕೊಂಡಿದ್ದ ‘ರೆಡಿ ಅಟ್ ಡಾನ್’ ಸ್ಟುಡಿಯೊ 2024ರಲ್ಲಿ ಮುಚ್ಚಿತು. ಅದರ ಜನಪ್ರಿಯ ಆಟ ‘ಎಕೋ ವಿಆರ್’ ಹಿಂದಿನ ವರ್ಷವೇ ನಿಂತಿತ್ತು. ಸೋನಿ ತನ್ನ ಲಂಡನ್ ಸ್ಟುಡಿಯೊವನ್ನು 2024ರಲ್ಲಿ ಮುಚ್ಚುವುದಾಗಿ ಹೇಳಿತು. ಎಂಟು ಸಾವಿರ ಕೋಟಿಯ ಮಾರುಕಟ್ಟೆ ಬರುತ್ತದೆಂದು ನಂಬಿ ದೊಡ್ಡ ಆಟಗಳನ್ನು ಕಟ್ಟಿದವರು ಕುಸಿದರು. ಸಣ್ಣ ತಂಡ, ಸರಳ ಚಿತ್ರ, ಒಂದೇ ಒಂದು ಒಳ್ಳೆಯ ಕೈಚಳಕ ಹಿಡಿದುಕೊಂಡು ಹೊರಟವರು ಬದುಕಿದರು. ವಾಲ್ವ್ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಸ್ಟೀಮ್ ಫ್ರೇಮ್’ ಹೆಡ್‌ಸೆಟ್ಟಿನಲ್ಲಿ ವಿಆರ್ ಆಟಗಳ ಜೊತೆ ಸಾಮಾನ್ಯ ಆಟಗಳನ್ನೂ ದೊಡ್ಡ ಪರದೆಯ ಮೇಲೆ ಆಡಬಹುದು ಎಂಬುದನ್ನು ಮುಖ್ಯ ಗುಣವಾಗಿ ಮುಂದಿಟ್ಟಿತು. ಆಲಿಕ್ಸ್ ಕಟ್ಟಿದ ಕಂಪನಿಯೇ ಹೀಗೆ ಮಾಡುತ್ತಿದೆ ಎಂದರೆ ಉದ್ಯಮಕ್ಕೂ ತನ್ನ ಅಳತೆ ಗೊತ್ತಾಗತೊಡಗಿದೆ ಎಂದೇ ಅರ್ಥ.

ಈ ಪಾಠ ಕರ್ನಾಟಕಕ್ಕೂ ಬೇಕು. ರಾಜ್ಯ ಸರ್ಕಾರ 2024ರಿಂದ 2029ರವರೆಗಿನ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ನೀತಿಯ ಹೆಸರಿನಲ್ಲೇ ವಿಆರ್ ಕುಟುಂಬದ ತಂತ್ರಜ್ಞಾನಗಳನ್ನೂ ಸೇರಿಸಿಕೊಂಡಿದೆ. ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಯುವಜನರೂ ಸಾಕಷ್ಟಿದ್ದಾರೆ. ಆದರೆ ನಮ್ಮಲ್ಲಿ ವಿಡಿಯೊ ಆಟ ಎಂದರೆ ಬಹುಪಾಲು ಜನರಿಗೆ ಮೊಬೈಲ್ ಆಟ. ಬಾಡಿಗೆ ಮನೆಯ ಹಾಲ್‌ನಲ್ಲಿ ದಿವಾನ, ಟೀಪಾಯಿಗಳ ನಡುವೆ ನಾಲ್ಕು ಚದರ ಮೀಟರ್ ಖಾಲಿ ನೆಲ ಸಿಗುವುದೂ ಅಷ್ಟರಲ್ಲೇ ಇದೆ. ಹಾಗಾಗಿ ವಿಆರ್ ಇಲ್ಲಿ ಮನೆಗಿಂತ ಮಾಲ್‌ನಲ್ಲೇ ಹೆಚ್ಚು ಜನರಿಗೆ ಸಿಕ್ಕಿದೆ, ಅದೂ ಸಾಮಾನ್ಯವಾಗಿ ಅಲುಗಾಡುವ ಕುರ್ಚಿಯಲ್ಲಿ ಕೂರಿಸಿ ರೋಲರ್ ಕೋಸ್ಟರ್ ತೋರಿಸುವ ರೂಪದಲ್ಲಿ. ಅದು ಕಣ್ಣಿನ ವಿಆರ್. ಒಮ್ಮೆ ಕಿರುಚಿಸುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಎರಡನೆಯ ಟಿಕೆಟ್ ಕೊಳ್ಳಲು ಕಾರಣ ಕೊಡುವುದಿಲ್ಲ. ‘ವಿಆರ್ ಎಂದರೆ ಇಷ್ಟೇ’ ಎಂಬ ತೀರ್ಮಾನ ಅಲ್ಲಿಂದ ಹುಟ್ಟಿದ್ದರೆ ಅಚ್ಚರಿಯಿಲ್ಲ. ಇಲ್ಲಿನ ತಂಡಗಳು ಆಟ ಕಟ್ಟುವುದಾದರೆ ಹಂಪಿಯ ಕಲ್ಲಿನ ರಥವನ್ನು ಕಣ್ಣಿಗೆ ಕಟ್ಟಿಸುವುದಕ್ಕಿಂತ, ಲಗೋರಿಯ ಬಿಲ್ಲೆಗಳನ್ನು ಬೆನ್ನಿಗೆ ಚೆಂಡು ಬೀಳುವ ಮುಂಚೆ ಜೋಡಿಸುವ ಆತುರವನ್ನು ಕೈಗೆ ಕಟ್ಟಿಸುವುದು ಜಾಣತನ. ಮೊದಲನೆಯದು ಒಳ್ಳೆಯ ಪ್ರವಾಸವಾದೀತು. ಮತ್ತೆ ಮತ್ತೆ ಆಡಿಸಿಕೊಳ್ಳುವುದು ಎರಡನೆಯದೇ.

ಹಾಗಾದರೆ ವಿಆರ್ ಆಟ ಆರಂಭದ ಉತ್ಸಾಹಕ್ಕೆ ತಕ್ಕಂತೆ ಬೆಳೆಯಿತೇ? ವಿಡಿಯೊ ಗೇಮ್‌ಗಳ ಜಾಗವನ್ನು ಹಿಡಿಯುತ್ತದೆ ಎಂದಿದ್ದವರ ಲೆಕ್ಕದಲ್ಲಿ ಇಲ್ಲ, ಇನ್ನೆಷ್ಟು ಹಗುರಾದರೂ ಹಿಡಿಯುವ ಲಕ್ಷಣ ಕಾಣುತ್ತಿಲ್ಲ. ಅದು ಹಿಡಿದಿರುವ ಜಾಗ ಬೇರೆ: ಸೋಫಾದ ಆಟಕ್ಕೂ ಅಂಗಳದ ಆಟಕ್ಕೂ ನಡುವಿನದು, ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಷಟಲ್ ಆಡಲು ಹೋಗುವವರು ಕೊಡುವಷ್ಟು ಸಮಯವನ್ನು ಬೇಡುವಂಥದ್ದು. ಷಟಲ್ ಆಡುವವರು ಕಡಿಮೆಯೆಂದು ಯಾರೂ ಆ ಆಟವನ್ನು ಸೋತ ಆಟ ಎನ್ನುವುದಿಲ್ಲ. ವಿಆರ್‌ಗೂ ಅದೇ ಅಳತೆ ಇಟ್ಟರೆ ಅದರ ಸಾಧನೆಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಮೂವತ್ತು ನಲವತ್ತು ಸಾವಿರ ರೂಪಾಯಿ ಕೊಟ್ಟು ಹೆಡ್‌ಸೆಟ್ ಕೊಳ್ಳಲೇ ಎಂದು ಯೋಚಿಸುತ್ತಿರುವವರು ಅಂಗಡಿಯಲ್ಲಿ ಪರದೆಯ ಸ್ಪಷ್ಟತೆ ಕೇಳುವ ಮೊದಲು ತಮ್ಮನ್ನೇ ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಇದರಲ್ಲಿ ನನ್ನ ಕೈ ಏನು ಮಾಡುತ್ತದೆ, ಮತ್ತು ದಣಿದು ಬಂದ ಸಂಜೆ ಎದ್ದು ನಿಲ್ಲಲು ನಾನು ಸಿದ್ಧನೇ? ಎರಡಕ್ಕೂ ನಂಬುವಂಥ ಉತ್ತರ ಸಿಕ್ಕರೆ ವಿಆರ್ ನಿರಾಸೆ ಮಾಡದು. ಸಿಗದಿದ್ದರೆ, ಎಷ್ಟು ಅದ್ಭುತ ದೃಶ್ಯ ತೋರಿಸಿದರೂ ಅದು ತಿಂಗಳೊಳಗೆ ಕಪಾಟು ಸೇರುತ್ತದೆ.